ಯಾವುದು ತಗೊಂಡೆ

ಹೊಸಲೈನ್ ರಸ್ತೆಯ ಅಂಗಡಿಯಲ್ಲಿ ನಯಾಜ್
ಮೂರು ಡಬ್ಬಿ ಮುಂದಿಟ್ಟ. ಒಳಗೆ ಏನೂ ಇಲ್ಲ,
ಒಂದು ಚೀಟಿ, ಕೆರೆದು ನೋಡುವ ಬೆಳ್ಳಿಪಟ್ಟಿ.
"ಇದು ಹಗುರ ಮೇಡಂ, ನಿಮ್ಮ ಹಳೇ ಮಷೀನು ಏದುಸಿರು ಬಿಡಲ್ಲ.
ಇದಕ್ಕೆ ಗೋಡೆಯೂ ಸೇರಿ ಬರ್ತದೆ.
ಇದು ಪುಕ್ಕಟೆ, ಆದರೆ ದಿನಕ್ಕೆ ನಾಕು ಸಲ ದುಡ್ಡು ಕೇಳ್ತದೆ.
ಎರಡು ಮಾತ್ರ ಒಟ್ಟಿಗೆ ಹಾಕಬೇಡಿ,
ಒಂದನ್ನೊಂದು ಕಳ್ಳ ಅಂತ ಹಿಡ್ಕೊಂಡು ಕೂತ್ಕೊಳ್ತವೆ."

ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕಂತೆ.
ಹಾಸನಾಂಬೆಯ ಬಾಗಿಲಿಗೂ ವರ್ಷ,
ಅಲ್ಲಿ ಹಚ್ಚಿಟ್ಟ ದೀಪ ಆರೋದಿಲ್ಲ ಅಂತಾರೆ;
ಇಲ್ಲಿ ಮುನ್ನೂರ ಅರವತ್ತಾರನೇ ದಿನ ಕೆಂಪು ಚೌಕ.

ನನ್ನದು ಮದುವೆ ಕಾಗದದ ಕೆಲಸ.
ಅಡುಗೆಮನೆಗೆ ಒತ್ತಿಕೊಂಡ ಮೇಜು,
ಗಣಪತಿಯ ಹನ್ನೊಂದು ಚಿತ್ರ, ಬಾಳೆಕಂಬ, ವಾಲಗ.
ಜನ ಪೆನ್‌ಡ್ರೈವ್ ತರ್ತಾರೆ,
ಕುಂಕುಮ ಅಂಟಿದ್ದು, ಬೈಕಿನ ಕೀಗೆ ಕಟ್ಟಿದ್ದು.
ಕೇಳೋಕಾಗುತ್ತಾ, ಇದನ್ನ ಎಲ್ಲೆಲ್ಲಿ ಚುಚ್ಚಿದ್ರಿ ಅಂತ?
ಹೋದ ಮಾಘದಲ್ಲಿ ಹೀಗೇ ಬಂದದ್ದೊಂದು
ಇದ್ದಬದ್ದ ಫೋಲ್ಡರನ್ನೆಲ್ಲ ಶಾರ್ಟ್‌ಕಟ್ ಮಾಡಿಟ್ಟು ಹೋಯಿತು.
ಆಲೂರಿನ ಹುಡುಗಿಯ ಹೆಸರಿರಬೇಕಾದಲ್ಲಿ
ಚೌಕ ಚೌಕ ಚೌಕ. ಲಗ್ನಕ್ಕೆ ಒಂಬತ್ತು ದಿನ.
ರಾತ್ರಿಯೆಲ್ಲ ಕೂತು ಮತ್ತೆ ಹೊಡೆದೆ,
ಅವಳ ಸೋದರತ್ತೆಯರ ಹೆಸರು ಇವತ್ತಿಗೂ ಬಾಯಿಪಾಠ.

ಗೋಡೆ ಇರುವುದನ್ನೇ ಕೊಂಡೆ.
ಮೊದಲ ದಿನ ಎಲ್ಲದಕ್ಕೂ ಕೇಳಿತು ಗೋಡೆ:
ಇವನು ಹೊರಗೆ ಹೋಗಬೇಕಂತಾನೆ, ಬಿಡಲಾ?
ಪ್ರಿಂಟರು, ಬಿಡು. ಗಡಿಯಾರ, ಬಿಡು.
ಆಮೇಲೆ ಓದದೇ ಬಿಡು ಬಿಡು ಅನ್ನುತ್ತಿದ್ದವಳು
ಏಳನೆಯದಕ್ಕೆ ಕನ್ನಡಕ ಹಾಕಿಕೊಂಡೆ.

ಹೆಸರು ಗೊತ್ತಿಲ್ಲದ ಒಂದು.
ನಾನು ಒತ್ತಿದ ಒಂದೊಂದು ಅಕ್ಷರವನ್ನೂ ಬರೆದಿಟ್ಟು
ರಾತ್ರಿ ಹನ್ನೊಂದಕ್ಕೆ ಯಾರಿಗೋ ಒಪ್ಪಿಸುವಂಥದ್ದು.
ಒಳಗೆ ಬಂದ ದಿನವೂ ನಮೂದಾಗಿದೆ:
ಹೋದಾಚೆ ವರ್ಷದ ಮೇ ಹದಿನಾಲ್ಕು, ಸಂಜೆ ಆರೂ ಹತ್ತು.
ಆವತ್ತು ನಾನು ಹೊಳೆನರಸೀಪುರದಲ್ಲಿ,
ಅಕ್ಕನ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ.
ಮನೆಗೆ ಬೀಗದ ಕೈ ಎರಡೇ.

ಇಷ್ಟು ದಿನದಲ್ಲಿ ಏನೇನು ಒತ್ತಿದ್ದೆ?
ಚಿರಂಜೀವಿ, ಸೌಭಾಗ್ಯವತಿ, ಸುಮುಹೂರ್ತ,
ಆಶೀರ್ವಾದವೇ ಉಡುಗೊರೆ.
ಅಕ್ಕನಿಗೊಂದು ಪತ್ರ, ಅರ್ಧ ಬರೆದು ಅಳಿಸಿದ್ದು.
ಅಳಿಸಿದ್ದೂ ಅದರಲ್ಲಿ ಇರುತ್ತದಂತೆ.

ಪರದೆ ಕಾಯುತ್ತಿದೆ: ಅಳಿಸಲೋ, ಬಿಡಲೋ, ಕ್ವಾರಂಟೈನೋ.
ಕೊರೋನಾದಲ್ಲಿ ನಮ್ಮ ಬೀದಿಯ ಬಾಗಿಲುಗಳಿಗೆ
ಅಂಟಿಸಿಹೋಗಿದ್ದ ಪದ.
ಅಳಿಸಿದರೆ, ಇರಲೇ ಇಲ್ಲ ಅಂತಾಗಿಬಿಡುತ್ತದೆ.
ಮೂರನೆಯದನ್ನು ಒತ್ತಿದೆ.
ಇದೆ. ಕೈಕಾಲು ಆಡುವುದಿಲ್ಲ, ಅಷ್ಟೆ.

ಗೇಟು ಕಿರ್ರೆಂದಿತು. ಹಾಲಿನ ಪ್ಯಾಕೆಟ್ಟು, ಇವರು,
ಚಪ್ಪಲಿ ಬಿಡುತ್ತ ಅಲ್ಲಿಂದಲೇ:
"ಕೊನೆಗೆ ಯಾವುದು ತಗೊಂಡೆ?"

ಗೋಡೆ ಇರೋದು, ಅಂದೆ.