ತರಿಶುಭೂಮಿ

ಪಂಚಾಯತಿನ ನೋಟೀಸು ಬುಧವಾರ ಬಂತು, ಮಲಯಾಳದಲ್ಲಿ.
ಓದಿಸಲು ನನ್ನಲ್ಲಿಗೇ ತಂದರು.
ರೇಷನ್ ಅಂಗಡಿಯ ತಕ್ಕಡಿ ನಿಲ್ಲಿಸಿ ಓದಿದೆ:
ಸರ್ವೆ ನಂಬರ್ ಇನ್ನೂರ ಹನ್ನೊಂದು, ತರಿಶುಭೂಮಿ,
ಮುರಕಲ್ಲು ಕಡಿಯಲು ಅರ್ಜಿ. ಆಕ್ಷೇಪವಿದ್ದರೆ ಏಳು ದಿನ.

"ತರಿಸುವುದು ಎಂತದನ್ನು?" ಐತ್ತಪ್ಪಣ್ಣ ಕೇಳಿದರು.
ತರಿಸುವುದಲ್ಲ ಮಾರಾಯ್ರೆ, ತರಿಶು. ಏನೂ ಬೆಳೆಯದ ನೆಲ.
"ನಮ್ಮ ಪಾರೆಯೋ?"
ಸಕ್ಕರೆ ಚೀಲ ಹಿಡಿದು ನಿಂತಿದ್ದ ಬೀಫಾತಿಮ್ಮ ನಕ್ಕೇಬಿಟ್ಟರು.

ಸಂಜೆ ಹತ್ತಿದೆ. ಆಟಿ ಕಳೆದು ಬಿಸಿಲು ಬಂದ ಮೊದಲ ವಾರ.
ಕಲ್ಲಿನ ಗುಂಡಿಗಳಲ್ಲಿ ಅಂಗೈಯಗಲ ನೀರು, ಗೊದಮೊಟ್ಟೆ,
ಕಾಲಿಡಲು ಜಾಗವಿಲ್ಲದಂತೆ ನೀಲಿ ಹೂ,
ಎಳ್ಳಿಗಿಂತ ತುಸು ದೊಡ್ಡದು. ಹೆಸರು ನನಗೂ ಗೊತ್ತಿಲ್ಲ.
ಟಿಟ್ಟಿಭವೊಂದು ತಲೆಯ ಮೇಲೆ ಸುತ್ತಿ ಸುತ್ತಿ ಬೈಯಿತು;
ಯಾವ ಭಾಷೆಯೋ, ಬೈಗುಳವಂತೂ ಪೂರ್ತಿ ತಿಳಿಯಿತು.

ಈ ನೀರೇ ಅಲ್ಲವೆ ಒಳಗೊಳಗೇ ಇಳಿದು
ಮೇ ತಿಂಗಳಲ್ಲಿ ಕ್ರಾಸ್ತರ ಸುರಂಗದಲ್ಲಿ ತೊಟ್ಟಿಕ್ಕುವುದು.

ಕಡಿಯುವವರು ಹೊರಗಿನವರಲ್ಲ. ವಾರ್ಡ್ ಮೆಂಬರ್ ಲೋಕಯ್ಯ,
ನನ್ನ ಕ್ಲಾಸಿನವನು. ಕಳೆದ ಸಲ ನಾನೇ ಓಟು ಹಾಕಿದ್ದೆ.
ನಮ್ಮನೆಯ ಗೋಡೆಯೂ ಇದೇ ಕಲ್ಲು.

ಆಕ್ಷೇಪ ಕನ್ನಡದಲ್ಲೇ ಬರೆದೆ.
ಟಿಟ್ಟಿಭ ಅಂತ ಬರೆದೆ, ಸುರಂಗ ಅಂತ ಬರೆದೆ,
ಹೂವಿನ ಹೆಸರಿಗೆ ಅರ್ಧ ಗೆರೆ ಖಾಲಿ ಬಿಟ್ಟೆ.
ಕೆಳಗೆ ಹದಿನೇಳು ಸಹಿ, ಮೂರು ಲಿಪಿ, ಆರು ಹೆಬ್ಬೆಟ್ಟು.

ಕ್ಲಾರ್ಕು ಕಾಗದ ತಿರುಗಿಸಿ ತಿರುಗಿಸಿ ನೋಡಿದ.
ಇದನ್ನು ಓದುವವರು ಯಾರು?
ನಾನೇ ಓದುತ್ತೇನೆ, ಅಂದೆ.
ಎದುರಿನ ಕುರ್ಚಿ ಎಳೆದು ಕೂತೆ.