ದಬ್ಬೆ

ಮೂರನೇ ಸರದಿಯ ಗೂಡು ಬೆಂದಿತ್ತು.
ಕುದಿನೀರಿನ ಬೋಸಿ ಎರಡೂ ಕೈಲಿ ಹಿಡಿದು
ಒಂದು ಹೆಜ್ಜೆ ಹಿಂದೆ ಸರಿದೆ, ಅಷ್ಟೆ.
ಕಾಲಡಿ ಏನೋ ಪಟ್ ಅಂತು,
ಎಳೆ ಹುರುಳಿಕಾಯಿ ಮುರಿದ ಹಾಗೆ.

ಕಿರುಚಾಟ. ಮೊದಲು ಅದರದ್ದು, ಆಮೇಲೆ ನನ್ನದು.
ಬೋಸಿ ಮಾತ್ರ ಚೆಲ್ಲಲಿಲ್ಲ ನಾನು.
ಜೋಪಾನವಾಗಿ ಕಟ್ಟೆಯ ಮೇಲಿಟ್ಟು
ಆಮೇಲೆ ಬಗ್ಗಿದೆ.
ಅದೊಂದು ನೆನೆದರೆ ಈಗಲೂ ನಾಚಿಕೆ.

ಚಿಗಳಿ ಅಂತ ಹೆಸರು.
ಎಳ್ಳು ಬೆಲ್ಲ ಕುಟ್ಟಿ ಕಟ್ಟಿದ ಉಂಡೆಯದೇ ಬಣ್ಣ,
ತೂಗಿದರೆ ಎರಡು ಕೆಜಿ ಗೂಡಿಗೂ ಸಮ ಬಾರದು.
ಹಿಂಗಾಲು, ಎಡದ್ದು, ಮೊಣಕಾಲಿಂದ ಕೆಳಗೆ
ಬೇರೆ ಯಾರದೋ ಕಾಲಿನಂತೆ ತೂಗುತ್ತಿತ್ತು.

ಪಕ್ಕದ ಪಿಳ್ಳಕ್ಕ ಓಡಿಬಂದು 'ಅಯ್ಯೋ ಪಾಪಮು' ಅಂದಳು.
ಹಳೇ ಚಂದ್ರಿಕೆಯಿಂದ ಒಂದು ದಬ್ಬೆ ಕಿತ್ತು
ಹಲ್ಲಲ್ಲೇ ಕಚ್ಚಿ ಅಳತೆಗೆ ಮುರಿದಳು.
ಯಾವುದೋ ಹುಳದ ಚೂರು ನೂಲು ಇನ್ನೂ ಅಂಟಿತ್ತು ಅದಕ್ಕೆ.
ಮೇಲೆ ನನ್ನ ರವಿಕೆಯ ತುಂಡು, ಗಂಟು.

ದನದಾಸ್ಪತ್ರೆಯ ಬೈಯಣ್ಣ ಕನ್ನಡಕ ಏರಿಸಿ
'ಎಮ್ಮೆಗಾದರೆ ಹೇಳಿ, ಕಟ್ತೀನಿ.
ಈ ಕಾಲಿಗಿಂತ ನನ್ನ ಬೆರಳೇ ದಪ್ಪ' ಅಂದ.
ಚಿಕ್ಕಬಳ್ಳಾಪುರಕ್ಕೇ ಹೋಗಬೇಕು, ಎಕ್ಸ್‌ರೇ ಅಲ್ಲಿ.

ಶಿಡ್ಲಘಟ್ಟ ದಾಟುವಷ್ಟರಲ್ಲಿ ಕಂಡಕ್ಟರ್ ಬಂದ.
'ಬುಟ್ಟೀಲಿ ಏನಮ್ಮ?'
ಗೂಡು, ಅಂದೆ.
ಗೂಡು ಕುಂಯ್ ಅಂತು.
ನನ್ನ ಮುಖ ನೋಡಿದ, ಬುಟ್ಟಿಯ ಮೇಲಿನ ಬಟ್ಟೆ ನೋಡಿದ,
ಒಂದೇ ಟಿಕೆಟ್ ಹರಿದುಕೊಟ್ಟು ಮುಂದಕ್ಕೆ ಹೋದ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು.
'ದಬ್ಬೆ ಕಟ್ಟಿದ್ದು ಯಾರು? ನೆಟ್ಟಗಿದೆ' ಅಂದರು.
ಹತ್ತಿ ಸುತ್ತಿದರು, ಸುತ್ತಿದರು, ಮೇಲೆ ಪ್ಲಾಸ್ಟರ್.
ಬೆಳ್ಳಗೆ, ಉರುಟಾಗಿ,
ತುದಿಯಲ್ಲಿ ಎರಡು ಉಗುರು ಮಾತ್ರ ಹೊರಗೆ.

ಹದಿನೆಂಟು ವರ್ಷದಿಂದ ಇಂಥವನ್ನೇ ಬೇಯಿಸುತ್ತೇನೆ ನಾನು.
ನೂಲು ಬಿಚ್ಚಿ ಮುಗಿದಾಗ
ಒಳಗಿದ್ದದ್ದು ಯಾವತ್ತೂ ಎದ್ದು ನಡೆದಿಲ್ಲ.
'ಆರು ವಾರ' ಅಂದರು.
ತಲೆಯಾಡಿಸಿದೆ.

'ನಾಯಿಗೆ ಸಾವಿರದಿನ್ನೂರು ರೂಪಾಯಿಯ ಕಾಲು!'
ಇವರು ಮೂರು ದಿನ ಆಡಿಕೊಂಡರು.
ನಾಲ್ಕನೇ ದಿನ ಬಣ್ಣದ ಡಬ್ಬಿಯ ತಳ ಕೊಯ್ದು
ಅಂಚಿಗೆ ಸೈಕಲ್ ಟ್ಯೂಬು ಹೊಲಿದು
ಅದರ ಕುತ್ತಿಗೆಗೆ ತೊಡಿಸಿದರು, ಪಟ್ಟಿ ಕಚ್ಚದ ಹಾಗೆ.
ರಾತ್ರಿ ಡಬ್ಬಿ ಬಾಗಿಲಿಗೆ ಬಡಿದಾಗೆಲ್ಲ
ಯಾರೋ ಬಂದರು ಅಂತ ಏಳುತ್ತಿದ್ದೆ.

ಎದ್ದರೆ ಎರಡು ಗಂಟೆ.
ಹಳೇ ಸೀರೆಯ ಪಟ್ಟಿ ಹೊಟ್ಟೆಯ ಕೆಳಗೆ ಹಾಕಿ
ಹಿಂಭಾಗ ಎತ್ತಿ ಹಿಡಿದು
ಚರಂಡಿಯ ಪಕ್ಕ ಉಚ್ಚೆ ಹೊಯ್ಯಿಸಬೇಕು.
ಬೀದಿಯೆಲ್ಲ ಬೆಂದ ಹುಳದ ವಾಸನೆ.
ಒಮ್ಮೆ ಮೆಲ್ಲಗೆ ಕೇಳಿದೆ:
ತುಳಿದವರು ಯಾರು, ಗೊತ್ತೇನೇ?
ಅದು ತನ್ನ ಕೆಲಸ ಮುಗಿಸಿ, ಡಬ್ಬಿ ಸಮೇತ,
ನನ್ನ ಪಾದದ ಮೇಲೆ ಗದ್ದ ಇಟ್ಟಿತು.
ಗೊತ್ತಿಲ್ಲದ್ದಕ್ಕೋ,
ಗೊತ್ತಿದ್ದೋ.

ಏಳನೇ ಸೋಮವಾರ ಕತ್ತರಿ ಹಾಕಿದರು.
ಕೂದಲಿಲ್ಲದ, ತೇವದ, ನಸುಹಳದಿ ಕಾಲು.
ಬೋಸಿಯ ತಳದಲ್ಲಿ ಕೊನೆಗೆ ಉಳಿಯುವುದರ ಬಣ್ಣ.
ಕಣ್ಣು ಪಕ್ಕಕ್ಕೆ ತಿರುಗಿಸಿದೆ.
'ಇಲ್ಲಿ ನೋಡಿ' ಅಂದರು ಡಾಕ್ಟರಮ್ಮ.
ಅಲ್ಲಾಡಿತು.

ಮೂಳೆ ಕೂಡಿದೆ, ಊರುತ್ತದೆ ಬಿಡಿ, ಅಂದಿದ್ದರು.
ಹತ್ತು ದಿನವಾದರೂ ಊರಲಿಲ್ಲ.
ಎಣ್ಣೆ ನೀವಿದೆ. ಬೈದೆ. ಮೊಟ್ಟೆಯ ಹಳದಿ ತೋರಿಸಿ
ಅಂಗಳದ ಆ ತುದಿಗೆ ನಿಂತೆ.
ಮೂರೇ ಕಾಲಲ್ಲಿ ಕುಪ್ಪಳಿಸಿ ಬಂದು ತಿಂದಿತು.

ನಿನ್ನೆ ತಿರುವಿನಲ್ಲಿ
ಬಷೀರಣ್ಣನ ಮೊಪೆಡ್ ಸದ್ದು ಕೇಳಿದ್ದೇ ತಡ
ನಾಲ್ಕೂ ಕಾಲಲ್ಲಿ ಹಾರಿತು, ಬೊಗಳುತ್ತ, ಗೇಟಿನ ತನಕ.
ತಿರುಗಿ ನೋಡಿದರೆ ನಾನು.
ತಟ್ಟನೆ ಕಾಲೆತ್ತಿಕೊಂಡು
ಕುಂಟುತ್ತ ಬಂತು ಕಳ್ಳಿ, ಮೊಟ್ಟೆಯ ಪಾಲು ಕೇಳಲು.
ಕೊಟ್ಟೆ.

ಈಗ ಬೋಸಿ ಹಿಡಿದು ಹಿಂದೆ ಸರಿಯುವ ಮುಂಚೆ
ಹಿಮ್ಮಡಿಯಿಂದ ನೆಲ ತಡವುತ್ತೇನೆ.
ಒಮ್ಮೊಮ್ಮೆ ಬೆಚ್ಚಗೆ ಸಿಗುತ್ತದೆ.