ಎಡಗಡೆಯ ಗುಡ್ಡ

ಸೋಲಾಪುರ, ಅಕ್ಕಲಕೋಟ ರೋಡು.
ನಮ್ಮ ಲ್ಯಾಬಿನ ಗೋಡೆಗೆ ಬೆನ್ನು ಹಚ್ಚಿ
ಹನ್ನೆರಡು ಮಗ್ಗ.
ನಿಮಿಷಕ್ಕೆ ನೂರಾ ಅರವತ್ತು ಸಲ ಲಾಳಿಗೆ ಏಟು.
ಚಾದರದ ಮೇಲೆ ನವಿಲು ಏಳಬೇಕಲ್ಲ, ಏಳುತ್ತದೆ.

ಗೋಡೆಯ ಈಚೆ, ಹೀಲಿಯಮ್ಮಿನ ಚಳಿಯೊಳಗೆ,
ಎರಡು ಕನ್ನಡಿಗಳ ನಡುವೆ ನನ್ನದೊಂದು ಪೊರೆ:
ಉಳ್ಳಾಗಡ್ಡಿ ಸಿಪ್ಪೆಯನ್ನು ಸಾವಿರ ಪದರ ಸೀಳಿದರೆ
ಅದರಲ್ಲಿ ಒಂದರಷ್ಟು ತೆಳು.
ಆಚೆ ಏಟು ಬಿದ್ದಾಗೆಲ್ಲ ಕನ್ನಡಿ ಕದಲಿ
ಬೆಳಕಿನ ಹಿಡಿತ ತಪ್ಪಿ
ಪರದೆ ಕಪ್ಪು.

ಟೇಬಲ್ಲಿನ ಕಾಲಿಗೆ ಉಸುಕಿನ ಚೀಲ ಕೊಟ್ಟೆವು,
ಲಾರಿ ಟ್ಯೂಬು ಕೊಟ್ಟೆವು,
ಜುಬೇದಾ ತನ್ನ ಮನೆಯ ಗಾದಿ ತಂದಳು.
ಕೊನೆಗೆ ಬಂದವನು ಇರಸಂಗ, ಮಗ್ಗದ ಜಾಬರ್.

"ಏನ್ ಹಿಡಿಯಾಕ ಹೊಂಟೀರಿ ಬಾಯಾರ?"
ನಡುಕ, ಅಂದೆ. ಬೆಳಕಿನಿಂದ.
ನಗಲಿಲ್ಲ ಅವನು.
ಮಗ್ಗದ ಜ್ವರ ಕೈಯಿಟ್ಟು ನೋಡುವವನು.
"ಬೆಳಕಿಗೆ ಕೈ ಎಲ್ಲಿ ಅದಾವ?"

ಹೇಳಿದೆ: ಕಿಸೆಯಲ್ಲಿ ಒಂಚೂರು ಕಮ್ಮಿ ಇಟ್ಟುಕೊಂಡು
ಬರುತ್ತದೆ ಬೆಳಕು,
ಕನ್ನಡಿ ಮನೆಯ ಬಾಡಿಗೆಗೆ ಸಾಲದು.
ಕಮ್ಮಿ ಬಿದ್ದಷ್ಟನ್ನು
ಪೊರೆಯ ನಡುಕದಿಂದ ತುಂಬಿಕೊಂಡು
ಹೊರಬೀಳುವಾಗ ಕೂದಲೆಳೆಯಷ್ಟು ನೀಲಿಯಾಗಿರುತ್ತದೆ.
ಬಂದವರೆಲ್ಲ ಒಂದೊಂದು ಕಾಳು ಒಯ್ದರೆ
ಕಣಜ ಬರಿದಾಗಬೇಕಲ್ಲ.

ಬೀಡಿಯನ್ನು ಕಿವಿಗೆ ಸಿಕ್ಕಿಸಿದ.
"ಬೇಸ್ತವಾರ ರಾತ್ರಿ ಎರಡಕ್ಕ ಹನ್ನೆರಡೂ ಬಂದ್ ಮಾಡಸ್ತೀನಿ.
ಸಾವಕಾರಗ ಎಣ್ಣಿ ಬಿಡೂದೈತಿ ಅಂತೀನಿ.
ನಲವತ್ತ ಮಿನಿಟ್ ಸಾಕಲ್ಲ?"

ಮಗ್ಗ ನಿಂತ ಓಣಿ
ಕಿವಿಯೊಳಗೆ ನೀರು ಹೊಕ್ಕಂತೆ.
ನಾಯಿಯೊಂದು ಎದ್ದು, ಏನಾಯಿತೆಂದು
ಸುತ್ತ ನೋಡಿ ಬೊಗಳಿತು.
ಜುಬೇದಾ ಉಸಿರನ್ನೂ ಕಂತಿನಲ್ಲಿ ಬಿಟ್ಟಳು.

ಪರದೆಯ ಮೇಲೆ ಎರಡು ಗುಡ್ಡ.
ಬಲಗಡೆಯದು ಬೆಳಕು ಒಯ್ದದ್ದು,
ಎಡಗಡೆಯದು ಬೆಳಕು ಕೊಟ್ಟು ಹೋದದ್ದು.
ಬೆಚ್ಚಗಿದ್ದಾಗ ಎರಡೂ ಜೋಡೆತ್ತಿನ ಹಾಗೆ ಸಮ.
ಎರಡೂ ಇಪ್ಪತ್ತಕ್ಕೆ ಬಲಗಡೆಯದು ಮಂಡಿಯೂರಿತು,
ಆಮೇಲೆ ಇನ್ನೂ ತಗ್ಗಿತು.
ಎಣಿಸಿದೆವು: ಪೊರೆಯಲ್ಲಿ ಉಳಿದ ಕಾಳು
ಸರಾಸರಿ ಅರ್ಧ.

ಕೇಳಿದರೆ ಕೊಡಲು ಅದರ ಹತ್ತಿರ ಹೆಚ್ಚೇನೂ ಇಲ್ಲ.
ಕೊಟ್ಟರೆ ಮಾತ್ರ ತಗೊಳ್ಳುತ್ತದೆ.

"ಎಡಗಡೇದು ಯಾಕ ಬೀಳವಲ್ದು?"
ಹೆಗಲ ಮೇಲಿಂದ ಇರಸಂಗ.
ಅದು ಬೀಳುವುದಿಲ್ಲ. ಎಷ್ಟು ಒಯ್ದರೂ
ಕಡೆಯದೊಂದು ಅದುರು ಉಳಿಯುತ್ತದೆ,
ಅದನ್ನು ಒಯ್ಯಲು ಬೆಳಕಿಗೂ ಆಗುವುದಿಲ್ಲ, ಅಂದೆ.

ಅವನು ಮಾತಾಡಲಿಲ್ಲ.
ಪರದೆಯ ಬೆಳಕಿಗೆ ತನ್ನ ಬಲಗೈ ಚಾಚಿದ,
ಎಣ್ಣೆಗಪ್ಪು ಗೆರೆಗಳ ಅಂಗೈ,
ತೊಟ್ಟಿನ ಮೇಲಿನ ಎಲೆಯಷ್ಟು ಅಲ್ಲಾಡುತ್ತಿತ್ತು.
"ಮಗ್ಗ ನಿಂತ್ರೂ ಇದು ನಿಂದ್ರಂಗಿಲ್ರಿ.
ಮೂವತ್ತೊಂದ ವರ್ಸ ಆತು.
ನಮ್ಮಾಕಿ ಚಾ ಅರ್ಧ ಕಪ್ಪೇ ಹಾಕ್ತಾಳ."

ಗೋಡೆಯಾಚೆ ಯಾವನೋ ಅವಸರದವನು
ಒಂದು ಮಗ್ಗ ಶುರು ಮಾಡಿದ.
ಪರದೆ ಕಪ್ಪು.
ವಹಿಯಲ್ಲಿ ಹೊತ್ತು ಬರೆದೆ: ಎರಡೂ ಮೂವತ್ತೆಂಟು.
ಇರಸಂಗ ಆಗಲೇ ಬಾಗಿಲಲ್ಲಿ,
ಇನ್ನೂ ಎರಡು ಮಿನಿಟು ಬಾಕಿ ಇತ್ತೆಂದು
ಅವನನ್ನು ಬೈಯಲು ಹೊರಟಿದ್ದ.